ಹಿಂದಿನ ಸೀಟು

"ಇಲ್ಲಿ ಚುಚ್ಚತೈತ್ರಿ," ಎಂದಳು ಫರ್ಜಾನಾ, ಕಾರಿನ ಹಿಂದಿನ ಸೀಟಿನಲ್ಲಿ ಅತ್ತಿತ್ತ ಸರಿದು ಕೂತು. "ಸೊಂಟಕ್ಕ ಏನೋ ಬಡೀತೈತಿ. ದಿನಾ ರೋಣಕ್ಕ ಹೋಗಿ ಬರೂದ್ರಾಗ ಇಲ್ಲೊಂದು ಕುಳಿನ ಬೀಳತೈತಿ ನೋಡ್ರಿ."

ಶಾಹೀದ ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಟ್ಟು ಬಾಗಿಲೊಳಗೆ ಬಗ್ಗಿ ನೋಡಿದ. ಕೂರುವ ದಿಂಬಿಗೂ ಒರಗುವ ದಿಂಬಿಗೂ ನಡುವಿನ ಸಂದಿಯಿಂದ ಬೆಲ್ಟಿನ ಬಕಲ್‌ಗಳು ಹೊಸ ಕಾರಿನ ಬಿಗುವಿನಲ್ಲಿ ನೆಟ್ಟಗೆ ಎದ್ದು ನಿಂತಿದ್ದವು. ಅವನು ಒಂದನ್ನು ಬೆರಳಿನಿಂದ ಅಲುಗಾಡಿಸಿದ.

"ಬೆಲ್ಟಿನ ಬಕಲ್ ಇದು. ಪಟ್ಟಿ ತಂದು ಇದರಾಗ ಸಿಗಸೂದು."

"ಹಿಂದ ಕುಂತವ್ರು ಯಾರು ಬೆಲ್ಟ ಹಾಕ್ಕೊಳ್ತಾರ? ಒಳಗ ತುರುಕಿಬಿಡ್ರಿ."

ಹೊರಗೆ ನಿಂತು ಚಹಾ ಕುಡಿಯುತ್ತಿದ್ದ ಸಿದ್ದಲಿಂಗ ನಕ್ಕ. ಕಾರು ಅವನದೇ. ರೋಣದ ಸರ್ಕಾರಿ ದವಾಖಾನೆಯಲ್ಲಿ ರಕ್ತ ಪರೀಕ್ಷೆ ಮಾಡುವವನು, ಮೊನ್ನೆ ಮೊನ್ನೆ ತಂದ ಗಾಡಿಗೆ ಸೀಟ್ ಕವರ್ ಹಾಕಿಸಲು ಬಂದಿದ್ದ. "ಹೌದ್ರಿ ಶಾಹೀದಭಾಯಿ," ಎಂದ. "ಮುಂದ ಕುಂತವ್ರು ಹಾಕ್ಕೊಳ್ಳಲಿಲ್ಲಂದ್ರ ಗಾಡಿ ಪೀಂ ಪೀಂ ಅಂತ ಹೊಯ್ಕೊಳ್ಳತೈತಿ. ಪೊಲೀಸ್ರೂ ಹಿಡೀತಾರ. ಹಿಂದಿನವ್ರನ್ನ ಯಾರ ಕೇಳ್ತಾರ?"

ಶಾಹೀದ ಬಕಲ್‌ಗಳನ್ನು ಸಂದಿಯೊಳಗೆ ಒತ್ತಿ ಇಳಿಸಿದ. ಎಲ್ಲ ಕಾರುಗಳಿಗೂ ಹೀಗೇ ಮಾಡುತ್ತಿದ್ದ, ಗಿರಾಕಿಗಳೇ ಕೇಳುತ್ತಿದ್ದರು. ಆದರೆ ಬರೀ ಒತ್ತಿ ಇಳಿಸಿದರೆ ತಿಂಗಳೊಪ್ಪತ್ತಿನಲ್ಲಿ ಮತ್ತೆ ಮೇಲೇಳುತ್ತವೆ. ಇದು ಹೆಂಡತಿ ಫರ್ಜಾನಾ ದಿನವೂ ಕೂತು ಹೋಗುವ ಗಾಡಿ. ಅವನು ರೆಕ್ಸಿನ್ನಿನ ಎರಡು ಅಂಚುಗಳನ್ನು ಸಂದಿಯ ಮೇಲೆ ತಂದು ಕೂಡಿಸಿ, ದಪ್ಪ ನೂಲು ಪೋಣಿಸಿದ ದಬ್ಬಣದಿಂದ ಕೈಯಲ್ಲೇ ಜೋಡು ಹೊಲಿಗೆ ಹಾಕಿದ. ಅವನ ಅಪ್ಪ ಫಕೀರಸಾಬ ಗಾದಿ, ಲೋಡು ಹೊಲಿಯುತ್ತಿದ್ದವನು. ಬಟ್ಟೆ ಹರಿದರೂ ಫಕೀರಸಾಬನ ಹೊಲಿಗೆ ಬಿಚ್ಚುವುದಿಲ್ಲ ಎಂದು ಗಜೇಂದ್ರಗಡದಲ್ಲಿ ಮಾತಿತ್ತು. ಆ ಕೈ ಮಗನಿಗೆ ಬಂದಿತ್ತು. ಅಷ್ಟು ಸಾಲದೆಂದು, ಎಡಗಡೆ ಕೂರುವವಳು ಅವಳೇ ಎಂದು ಗೊತ್ತಿದ್ದ ಶಾಹೀದ, ಸಿದ್ದಲಿಂಗನಿಗೆ ಹೇಳದೆ ಆ ಕಡೆಗೆ ಒಂದು ಪದರು ಫೋಮು ಹೆಚ್ಚು ಇಟ್ಟಿದ್ದ.

ಕೆಲಸ ಮುಗಿದ ಮೇಲೆ ಫರ್ಜಾನಾ ಮತ್ತೆ ಹತ್ತಿ ಕೂತಳು. ಕೂತವಳು ಕಣ್ಣು ಮುಚ್ಚಿ ಹಿಂದಕ್ಕೆ ಒರಗಿದಳು.

"ಈಗ ಗಾದಿ ಮ್ಯಾಲ ಕುಂತಂಗಾತು," ಎಂದಳು. "ರೋಣ ಬರೂತನಾ ಒಂದ ನಿದ್ದಿ ಆಗತೈತಿ."

ಫರ್ಜಾನಾ ಅದೇ ದವಾಖಾನೆಯಲ್ಲಿ ನರ್ಸು. ಮದುವೆಯಾದಾಗಿನಿಂದ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಓಡಾಡಿದವಳಿಗೆ ಸಿದ್ದಲಿಂಗನ ಕಾರು ದೊಡ್ಡ ಸುಖವಾಯಿತು. ಮುಂದೆ ಸಿದ್ದಲಿಂಗ, ಅವನ ಪಕ್ಕದಲ್ಲಿ ಔಷಧ ಕೊಡುವ ಈಶಪ್ಪ; ಹಿಂದೆ ಫರ್ಜಾನಾ ಮತ್ತು ಹಿರಿಯ ನರ್ಸು ಶೇಖವ್ವ. ಹಿಂದಿನ ಸೀಟು ಅವರಿಬ್ಬರ ಪಡಸಾಲೆಯಾಗಿತ್ತು. ಹೋಗುವಾಗ ಶೇಖವ್ವನ ಥರ್ಮಾಸಿನ ಚಹಾ, ಬರುವಾಗ ತೊಡೆಯ ಮೇಲೆ ಮೊರದ ಹಾಗೆ ಪೇಪರು ಹರಡಿಕೊಂಡು ಅವರೆಕಾಯಿ ಬಿಡಿಸುವುದು, ಮಾತು, ತೂಕಡಿಕೆ.

ಎಮರ್ಜನ್ಸಿ ವಾರ್ಡಿನಲ್ಲಿ ಅವಳಿಗೆ ಡ್ಯೂಟಿ. ತಲೆ ಒಡೆದುಕೊಂಡವರನ್ನು, ಕಾಲು ಮುರಿದುಕೊಂಡವರನ್ನು ದಿನವೂ ನೋಡುತ್ತಿದ್ದಳು. ಮನೆಗೆ ಬಂದು ರೊಟ್ಟಿ ಬಡಿಯುತ್ತ ಬಡಿಯುತ್ತ ಸಿಟ್ಟು ಮಾಡಿಕೊಳ್ಳುತ್ತಿದ್ದಳು. "ಹೊಳೆಆಲೂರಿನ ಹುಡುಗ್ರಿ. ಹೆಲ್ಮೆಟ್ ಇತ್ತಂತ, ಎಲ್ಲಿ? ಹ್ಯಾಂಡಲ್ಲಿಗೆ! ಹ್ಯಾಂಡಲ್ಲಿಗೆ ಏನ ಮಿದುಳ ಇರತೈತೇನು?" ರಸ್ತೆ ಸುರಕ್ಷತೆ ಸಪ್ತಾಹದಲ್ಲಿ ಬಸ್‌ಸ್ಟ್ಯಾಂಡಿನ ಮುಂದೆ ಫಲಕ ಹಿಡಿದು ಬಿಸಿಲಲ್ಲಿ ನಿಂತು ಬಂದಿದ್ದಳು. ಓಣಿಯ ತುದಿಗೆ ಹಾಲು ತರಲು ಹೊರಟರೂ ಶಾಹೀದ ಹೆಲ್ಮೆಟ್ ಹಾಕಿಕೊಳ್ಳಲೇಬೇಕು. ಹೊಸ್ತಿಲಲ್ಲಿ ಅಡ್ಡ ನಿಲ್ಲುತ್ತಿದ್ದಳು. ಓಣಿಯವರು ನಗುತ್ತಿದ್ದರು. ಅಂಥವಳು ಹಿಂದಿನ ಸೀಟಿನಲ್ಲಿ ಪಟ್ಟಿಯಿಲ್ಲದೆ ಕೂತು ಹೋಗುತ್ತಾಳೆಂಬುದು ಅವಳಿಗಾಗಲಿ, ಅವನಿಗಾಗಲಿ, ದವಾಖಾನೆಯ ಯಾರಿಗೇ ಆಗಲಿ ಒಂದು ಸಂಗತಿಯೆಂದೇ ಅನಿಸಿರಲಿಲ್ಲ.

ಗೋವಿನಜೋಳ ಮುರಿಯುವ ಕಾಲ. ಒಂದು ಮುಂಜಾನೆ ಲಕ್ಕಲಕಟ್ಟಿಯ ಕಡೆ ಹೊರಳುವ ಹಾದಿಯ ಹತ್ತಿರ, ಜಾಲಿಕಂಟಿಯ ಮರೆಯಿಂದ ಚೀಲ ಹೇರಿದ ಟ್ರ್ಯಾಕ್ಟರೊಂದು ಒಮ್ಮೆಲೆ ರಸ್ತೆಗೆ ಬಂತು. ಸಿದ್ದಲಿಂಗ ಬ್ರೇಕು ಒತ್ತಿದ. ಕಾರಿನ ಎಡಮೂಲೆ ಟ್ರೇಲರಿಗೆ ಬಡಿಯಿತು. ಸಿದ್ದಲಿಂಗನ ಹುಬ್ಬು ಒಡೆಯಿತು. ಈಶಪ್ಪನ ಎದೆಯ ಮೇಲೆ ಬೆಲ್ಟಿನ ಪಟ್ಟಿ ನೀಲಿ ಬರೆಯಾಗಿ ಮೂಡಿತು, ಅಷ್ಟೇ. ಹಿಂದೆ ಶೇಖವ್ವನ ಬಲಗೈ ಮುರಿಯಿತು. ಫರ್ಜಾನಾ ಕೂತಲ್ಲಿಂದ ಎದ್ದು ಮುಂದಿನ ಎರಡು ಸೀಟುಗಳ ನಡುವೆ ಹೋಗಿ ಬಿದ್ದಿದ್ದಳು.

ಹಾದಿಯಲ್ಲಿ ಬಂದ ಯಾರದೋ ಗಾಡಿಯಲ್ಲಿ ಅವಳನ್ನು ಅವಳದೇ ವಾರ್ಡಿಗೆ ತಂದರು. ಆ ಹೊತ್ತಿಗೆ ಅವಳು ಅಲ್ಲಿ ಡ್ಯೂಟಿ ಹಿಡಿಯಬೇಕಿತ್ತು.

ಶಾಹೀದ ಫೋನು ಬಂದ ಕೂಡಲೇ ಬೈಕು ಹತ್ತಿದವನು ರೋಣದ ತನಕ ಹೇಗೆ ಬಂದನೋ ಅವನಿಗೆ ನೆನಪಿಲ್ಲ. ಮಂಚದ ಮೇಲೆ ಅವಳು ಮಲಗಿದ್ದಳು. ಮುಖದ ಮೇಲೆ ಒಂದು ಗೀರೂ ಇರಲಿಲ್ಲ. ಕುತ್ತಿಗೆಗೆ ಪೆಟ್ಟು ಬಿದ್ದಿದೆ ಎಂದು ಡಾಕ್ಟರು ಹೇಳುತ್ತಿದ್ದರು. ಹಾದಿಯಲ್ಲೇ ಜೀವ ಹೋಗಿದೆ ಎಂದರು. ಅವನು ಹೌದು ಹೌದು ಎಂದು ತಲೆಯಾಡಿಸುತ್ತ ನಿಂತಿದ್ದ. ಎಲ್ಲ ಮಾತೂ ಎಲ್ಲೋ ದೂರದಿಂದ, ಕೊಡದೊಳಗಿನಿಂದ ಬಂದ ಹಾಗೆ ಕೇಳುತ್ತಿತ್ತು. ಬಹಳ ಹೊತ್ತಿನ ಮೇಲೆ ಅವಳ ಜೊತೆಯ ನರ್ಸೊಬ್ಬಳು ಹತ್ತಿರ ಬಂದು, ಅಳುತ್ತಲೇ, ಅವನ ಗದ್ದದ ಕೆಳಗೆ ಕೈ ಹಾಕಿ ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿದಳು.

ಮಣ್ಣಿನ ದಿವಸ ಸಿದ್ದಲಿಂಗ ಹುಬ್ಬಿಗೆ ಪಟ್ಟಿ ಕಟ್ಟಿಕೊಂಡು ಖಬರಸ್ತಾನದ ಗೋಡೆಯ ಹೊರಗೆ, ಬೇವಿನ ಗಿಡದ ಕೆಳಗೆ ನಿಂತಿದ್ದ. ಫರ್ಜಾನಾಳ ತಮ್ಮ ಸಾಜೀದ ಅವನನ್ನು ಕಂಡವನೇ ಹೋಗಿ ಕಪಾಳಕ್ಕೆ ಬಾರಿಸಿದ. ಹಿರಿಯರು ಹಿಡಿದು ಎಳೆದರು. ಸಿದ್ದಲಿಂಗ ಕೈ ಎತ್ತಲಿಲ್ಲ. ಗಲ್ಲ ಕೂಡ ಮುಟ್ಟಿಕೊಳ್ಳದೆ ಮಣ್ಣಾಗುವ ತನಕ ಅಲ್ಲೇ ನಿಂತಿದ್ದು ಹೋದ.

"ಅಂವನ ಹೆಸರ ಈ ಮನ್ಯಾಗ ಎತ್ತಬ್ಯಾಡ್ರಿ," ಎಂದ ಸಾಜೀದ. "ಹೊಸಾ ಗಾಡಿ, ಮೈಮ್ಯಾಲೆ ಖಬರ ಇಲ್ಲ. ನಮ್ಮ ಅಕ್ಕನ್ನ ತಿಂದ."

ಶಾಹೀದನ ಅತ್ತೆ ಜಮಾಲಬಿ ಮೊದಲಿನಿಂದಲೂ ಇವರ ಜೊತೆಗೇ ಇದ್ದವಳು. ಗಂಡ ತೀರಿಕೊಂಡ ಮೇಲೆ ಮಗಳ ಮನೆಯನ್ನೇ ತನ್ನ ಮನೆ ಮಾಡಿಕೊಂಡಿದ್ದಳು. ಈಗ ಮೊಮ್ಮಗಳು ನಾಜಮೀನಳಿಗೆ ಜಡೆ ಹಾಕಿ ಸಾಲಿಗೆ ಕಳಿಸುವುದು, ರೊಟ್ಟಿ ಮಾಡುವುದು ಎಲ್ಲ ಅವಳ ಪಾಲಿಗೆ ಬಂತು. ಪ್ರತಿ ನಮಾಜಿನ ಮೇಲೂ ಸೆರಗು ಚಾಚಿ ಮಗಳಿಗೆ ಜನ್ನತ್ತು ಬೇಡುತ್ತಿದ್ದಳು. ಬೇಡಿದ ಬಾಯಿಂದಲೇ ಕಾರು ಹೊಡೆದವನ ಕೈಗಳಿಗೆ ಶಾಪ ಹಾಕುತ್ತಿದ್ದಳು. ಶಾಹೀದ ಕೇಳಿಯೂ ಸುಮ್ಮನಿರುತ್ತಿದ್ದ. ಸಿದ್ದಲಿಂಗ ಒಂದು ಗಳಿಗೆ ಮೊದಲು ಬ್ರೇಕು ಒತ್ತಿದ್ದರೆ ಎಂದು ಅವನ ಮನಸ್ಸೂ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು.

ಅಂಗಡಿ ತೆರೆದ ಮೇಲೂ ಕೈಗೆ ಕೆಲಸ ಹತ್ತಲಿಲ್ಲ. ಒಂದು ಮಧ್ಯಾಹ್ನ ಮಷಿನ್ನಿನ ಮುಂದೆ ಸುಮ್ಮನೆ ಕೂತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ಶೇಖವ್ವ. ಬಲಗೈ ಪ್ಲಾಸ್ಟರಿನಲ್ಲಿತ್ತು, ಜೋಳಿಗೆಯಂತೆ ಕೊರಳಿಗೆ ಕಟ್ಟಿಕೊಂಡಿದ್ದಳು. ಕೈ ಮುರಿದ ಮೇಲೆ ನರಗುಂದದ ಮಗಳ ಮನೆಗೆ ಹೋಗಿದ್ದವಳು ಬಸ್ಸು ಹಿಡಿದು ಬಂದಿದ್ದಳು.

"ಮನೀಗೆ ಹೋಗೂ ಧೈರ್ಯ ಆಗಲಿಲ್ಲ ತಮ್ಮಾ," ಎಂದಳು. "ಜಮಾಲಬಿ ಮಾರಿ ಹ್ಯಾಂಗ ನೋಡ್ಲಿ? ನಾ ಬದಕೇನಿ, ಆಕಿ ಹೋದ್ಲು. ಮುದಕಿ ನಾ ಹೋಗಬೇಕಿತ್ತು."

ಶಾಹೀದ ಸ್ಟೂಲು ಸರಿಸಿ ಕೊಟ್ಟ. ನೀರು ಕೊಟ್ಟ. ಎಡಗೈಯಲ್ಲಿ ಲೋಟ ಹಿಡಿದು ಅವಳು ಅರ್ಧ ಕುಡಿದಳು.

"ಒಂದು ಮಾತು ಹೇಳಿ ಹೋಗಬೇಕಂತ ಬಂದೆ. ಆಕಿ ಕಡೀಕ ಮಾತಾಡಿದ್ದ ನಿನ್ನ ಸುದ್ದೀನ. ನಿನ್ನ ಹೆಸರ ಬಾಯಾಗ ಇಟಗೊಂಡ ಹೋದ್ಲು."

ಅವನು ತಲೆಯೆತ್ತಿದ.

"ಹಿಂದಿನ ದಿವಸ ಒಂದು ಕೇಸ ಬಂದಿತ್ತು. ಹೊಳೆಮಣ್ಣೂರಿನ ಒಬ್ಬಾಕಿ ಹೆಣ್ಮಗಳು. ಮದಿವಿಗೆ ಹೊಂಟಿದ್ರಂತ, ಜೀಪು ಗಿಡಕ್ಕ ಹೊಡೀತು. ಮುಂದ ಕುಂತವ್ರು ನಡಕೋತ ಬಂದ್ರು. ಹಿಂದ ಕುಂತಾಕಿ ಫರ್ಜಾನಾನ ಕೈಯಾಗ ಜೀವಾ ಬಿಟ್ಲು. ಅದನ್ನ ನೋಡಿ ಆಕೀಗೆ ಏನ ಹೊಳೀತೋ. ಮುಂಜಾನೆ ಗಾಡಿ ಹತ್ತಿದಾಕೀನ, 'ಅಕ್ಕಾರ, ಇವತ್ತಿಂದ ನಾವೂ ಬೆಲ್ಟ ಹಾಕ್ಕೊಳೋಣು' ಅಂದ್ಲು. ಪಟ್ಟಿ ಎಳದ್ಲು. ಸಿಗಸೂದು ಎಲ್ಲೈತಿ ಅಂತ ಕೈ ಆಡಿಸಿದ್ಲು, ಆಡಿಸಿದ್ಲು, ಸಿಗಲಿಲ್ಲ. ಉಗರ ಹಾಕಿ ಎಬ್ಬಾಕ ನೋಡಿದ್ಲು. ಆಮ್ಯಾಲೆ ನಕ್ಕೋತ ಅಂದ್ಲು, 'ನಮ್ಮ ಮನಿಯವ್ರ ಹೊಲಿಗಿ ಅಕ್ಕಾರ, ಹಲ್ಲಿಲೆ ಕಚ್ಚಿ ಜಗ್ಗಿದ್ರೂ ಬಿಚ್ಚೂದಿಲ್ಲ. ಸಂಜೀಕ ಹೇಳ್ತೀನಿ, ತೆಗದ ಕೊಡ್ತಾರ.' ಎಷ್ಟ ಅಭಿಮಾನದಿಂದ ಅಂದ್ಲಂತೀ..."

ಹೇಳುತ್ತ ಹೇಳುತ್ತ ಶೇಖವ್ವ ನಿಂತಳು. ಬಸ್ಸಿನ ಹಾದಿಯುದ್ದಕ್ಕೂ ಸಮಾಧಾನದ ಮಾತೆಂದು ಎದೆಯಲ್ಲಿಟ್ಟುಕೊಂಡು ಬಂದದ್ದು ಏನಾಗಿತ್ತೆಂಬುದು ಶಾಹೀದನ ಮುಖ ನೋಡಿದಾಗಲೇ ಅವಳಿಗೆ ತಿಳಿದದ್ದು. ಎಡಗೈಯ ಲೋಟ ವಾಲಿ ನೀರು ಸೀರೆಯ ಮೇಲೆ ಚೆಲ್ಲಿತು.

"ನಾ ಹಂಗ ಅಂತ ಹೇಳಲಿಲ್ಲೋ ತಮ್ಮಾ," ಎಂದಳು. "ಯವ್ವಾ, ನಾ ಏನ ಹೇಳಿದೆ..."

"ಇರಲಿ ಬಿಡ್ರಿ ಅಕ್ಕಾರ," ಎಂದ ಶಾಹೀದ. "ಬಸ್ಸಿಗೆ ಹೊತ್ತಾಗತೈತಿ. ನಡೀರಿ, ಹತ್ತಿಸಿ ಬರ್ತೀನಿ."

ಮರುದಿನ ಅವನು ಪೊಲೀಸ್ ಠಾಣೆಯ ಹಿತ್ತಲಿಗೆ ಹೋದ. ಕೇಸು ಮುಗಿಯುವ ತನಕ ಕಾರು ಅಲ್ಲೇ ಇತ್ತು. ಸುತ್ತ ಹುಲ್ಲು ಬೆಳೆದಿತ್ತು; ನಜ್ಜುಗುಜ್ಜಾದ ಮೂತಿಯ ಮೇಲೆ ಯಾರೋ ಒಗೆದ ಅಂಗಿ ಒಣಹಾಕಿದ್ದರು.

"ಏನ ಬೇಕಾಗಿತ್ತು?" ಎಂದು ಕಾನ್‌ಸ್ಟೆಬಲ್ ಕೇಳಿದ.

"ನಮ್ಮದೊಂದ ಸಾಮಾನ ಉಳದೈತ್ರಿ. ನಾ ತೀರಿಕೊಂಡಾಕಿ ಮನಿಯವ."

ಕಾನ್‌ಸ್ಟೆಬಲ್ ಮತ್ತೇನೂ ಕೇಳದೆ ಆಚೆ ಹೋದ.

ಹಿಂದಿನ ಬಾಗಿಲು ಸಲೀಸಾಗಿ ತೆರೆಯಿತು. ಹಿಂದೆ ಏನೂ ಆಗಿರಲಿಲ್ಲ. ಕವರಿನ ಮೇಲೆ ಧೂಳು ಕೂತಿದ್ದು ಬಿಟ್ಟರೆ ಅವನು ಹೊಲಿದು ಕೊಟ್ಟ ದಿವಸದ ಹಾಗೇ ಇತ್ತು. ಶಾಹೀದ ಎಡಗಡೆ ಕೂತ. ಹೆಚ್ಚಿಗೆ ಇಟ್ಟಿದ್ದ ಫೋಮು ಮೆತ್ತಗೆ ಕುಗ್ಗಿ ಅವನನ್ನು ಒಳಕ್ಕೆ ತೆಗೆದುಕೊಂಡಿತು. ಸಂದಿಯ ಮೇಲೆ ಬೆರಳಾಡಿಸಿದ. ರೆಕ್ಸಿನ್ನಿನ ಅಡಿಯಲ್ಲಿ ಬಕಲ್ಲಿನ ಗಂಟು ಕೈಗೆ ಹತ್ತಿತು. ಅದರ ಮೇಲೆಯೇ ಒಂದು ಕಡೆ ನೂಲು ಉಗುರಿನಿಂದ ಕೆರೆದ ಹಾಗೆ ಎಳೆ ಎಳೆಯಾಗಿ ಜುಬ್ಬರವೆದ್ದಿತ್ತು. ಹೊಲಿಗೆ ಮಾತ್ರ ಒಂದೂ ಬಿಚ್ಚಿರಲಿಲ್ಲ.

ಅವನ ಕಿಸೆಯಲ್ಲಿ ಯಾವಾಗಲೂ ಒಂದು ಬ್ಲೇಡು ಇರುತ್ತಿತ್ತು. ಅದನ್ನು ತೆಗೆದು ನೂಲಿನ ಮೇಲೆ ಇಟ್ಟ. ಜುಬ್ಬರವೆದ್ದ ಜಾಗವನ್ನು ಬಿಟ್ಟು ಅದರ ಆಚೆಗೊಂದು, ಈಚೆಗೊಂದು ಗೀರು ಕೊಟ್ಟು ಅಂಚನ್ನು ಎತ್ತಿದ. ಬಕಲ್ ತಾನೇ ಮೇಲೆದ್ದು ಬಂತು. ಭುಜದ ಮೇಲಿಂದ ಪಟ್ಟಿ ಎಳೆದು ಅದರಲ್ಲಿಟ್ಟ. ಕಟ್ ಎಂದು ಕೂತಿತು. ಎಷ್ಟು ಸುಲಭ. ನಾಜಮೀನ ಕೂಡ ಮಾಡಬಹುದಾದ ಕೆಲಸ.

ಆ ಪಟ್ಟಿಯೊಳಗೆ ಕೂತು ಅವನು ಅತ್ತ. ಖಬರಸ್ತಾನದಲ್ಲಿ ಬಂದಿರದ ಅಳು ಅದು. ಮುಂದಿನ ಸೀಟಿನ ಬೆನ್ನಿಗೆ ಹಣೆ ಹಚ್ಚಬೇಕೆಂದು ಒಮ್ಮೆಲೆ ಬಗ್ಗಿದರೆ ಪಟ್ಟಿ ಬಿಗಿದು ಹಿಂದಕ್ಕೆ ಹಿಡಿಯಿತು. ಮತ್ತೆ ಬಗ್ಗಿದ. ಮತ್ತೆ ಹಿಡಿಯಿತು.

ಆಮೇಲಿನ ದಿನಗಳಲ್ಲಿ ಅವನು ಊಟ ಬಿಟ್ಟ. ಅಂಗಡಿಗೆ ಒಂದು ಕಾರು ಬಂತು. ಹಿಂದಿನ ಸೀಟಿನ ಕವರಿಗೆ ಅವನು ಬಕಲ್ಲಿನ ಜಾಗದಲ್ಲಿ ಕಿಂಡಿ ಕೊಯ್ದು ಅಂಚು ಕಟ್ಟಿದ. "ಇದೇನ್ರಿ, ತೂತ ತೂತ ಮಾಡೀರಿ, ಚಂದ ಕಾಣೂದಿಲ್ಲ," ಎಂದ ಗಿರಾಕಿ. "ಹಿಂಗ ಇರತೈತ್ರಿ," ಎಂದಷ್ಟೇ ಹೇಳಿದ. ಗಿರಾಕಿ ಗೊಣಗುತ್ತ ಹೋದ.

ಒಂದು ಸಂಜೆ ಜಮಾಲಬಿ ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ಅಕ್ಕಿ ಹಸನು ಮಾಡುತ್ತಿದ್ದಳು. ಕಲ್ಲು ಆರಿಸುತ್ತ ಆರಿಸುತ್ತ ಬಾಯಿ ತನ್ನ ಪಾಡಿಗೆ ಶಾಪ ಹಾಕುತ್ತಿತ್ತು. "ಅವನ ಕೈ ಸೇದಿ ಹೋಗ್ಲಿ. ಸ್ಟೇರಿಂಗ ಹಿಡದ ಕೈಲೆ ಅನ್ನ ಉಣ್ಣದಂಗಾಗ್ಲಿ..."

"ಅಮ್ಮಾ," ಎಂದ ಶಾಹೀದ. ಅವಳ ಎದುರಿಗೆ ನೆಲದ ಮೇಲೆ ಕೂತ. "ಸಿದ್ದಲಿಂಗಣ್ಣಗ ಬೈಯಬ್ಯಾಡ್ರಿ. ಬೈಯೂದಿದ್ರ ನನಗ ಬೈರಿ."

"ಏನಾತೋ ಬೇಟಾ?"

ಅವನು ಎಲ್ಲವನ್ನೂ ಹೇಳಿದ. ಬಕಲ್ ಚುಚ್ಚುತ್ತದೆ ಎಂದು ಅವಳು ಹೇಳಿದ್ದು, ತಾನು ಜೋಡು ಹೊಲಿಗೆ ಹಾಕಿದ್ದು, ಆ ದಿವಸ ಅವಳು ಪಟ್ಟಿ ಎಳೆದು ಹುಡುಕಿದ್ದು. ಹೇಳುವಾಗ ಅವಳ ಮುಖ ನೋಡಲಾಗದೆ ಮೊರದಲ್ಲಿನ ಅಕ್ಕಿಯನ್ನೇ ನೋಡಿದ. ಸಾಜೀದನಂತೆ ಅವಳೂ ಕೈ ಎತ್ತಿದರೆ ಒಳ್ಳೆಯದಿತ್ತು ಎಂದು ಅವನಿಗೆ ಅನಿಸುತ್ತಿತ್ತು.

ಜಮಾಲಬಿ ಕೈ ಎತ್ತಲಿಲ್ಲ. ಹಿಂದಿನ ಮನೆಯ ಮಗ್ಗದ ಸದ್ದು ನಿಂತು, ಮತ್ತೆ ಶುರುವಾಯಿತು.

"ಏನಂದ್ಲು?" ಎಂದು ಕೇಳಿದಳು.

"ಯಾರ್ರಿ?"

"ಫರ್ಜಾನಾ. ಹುಡುಕಿ ಸಿಗಲಿಲ್ಲಲ್ಲ, ಆಗ ಏನಂದ್ಲು? ಇನ್ನೊಮ್ಮೆ ಹೇಳು."

ಅವನು ಮತ್ತೆ ಹೇಳಿದ. "ನಮ್ಮ ಮನಿಯವ್ರ ಹೊಲಿಗಿ, ಹಲ್ಲಿಲೆ ಕಚ್ಚಿ ಜಗ್ಗಿದ್ರೂ ಬಿಚ್ಚೂದಿಲ್ಲ. ಸಂಜೀಕ ಹೇಳ್ತೀನಿ, ತೆಗದ ಕೊಡ್ತಾರ ಅಂದ್ಲಂತ."

"ನಕ್ಕೋತ ಅಂದ್ಲಾ?"

"ಹೂಂ. ನಕ್ಕೋತ."

ಜಮಾಲಬಿಯ ಬಾಯಿ ಏನೋ ಒಂದು ಆಕಾರಕ್ಕೆ ಬಂದು ಮತ್ತೆ ಸಡಿಲಿತು. ಮಗಳ ನಗುವನ್ನು ತಾನೂ ಒಮ್ಮೆ ತುಟಿಯ ಮೇಲೆ ತಂದು ನೋಡಿದ ಹಾಗಿತ್ತು. "ಹಲ್ಲಿಲೆ ಕಚ್ಚಿ ಜಗ್ಗಿದ್ರೂ," ಎಂದಳು ಮೆಲ್ಲಗೆ. "ಆಕೀದ ಮಾತ ಅದು. ಸಣ್ಣಾಕಿದ್ದಾಗಿಂದ ಹಂಗ ಅಂತಿದ್ಲು. ಮತ್ತ? ಆಮ್ಯಾಲೆ ಏನಂದ್ಲು?"

"ನನಗ ಅಷ್ಟ ಗೊತ್ತಮ್ಮಾ. ಶೇಖವ್ವಕ್ಕಾರು ಅಷ್ಟ ಹೇಳಿದ್ರು."

"ಅವನಿಗೆ ಗೊತ್ತಿರತೈತಿ."

"ಯಾರಿಗೆ?"

"ಗಾಡಿ ಹೊಡದಾಂವಗ. ದಾರಿ ತುಂಬ ಜೋಡಿ ಇದ್ದಾಂವ ಅಂವ. ಕರಕೊಂಡ ಬಾ."

ಶಾಹೀದ ಎದ್ದ. ಹೊಸ್ತಿಲಿಗೆ ಬಂದಾಗ ಹಿಂದಿನಿಂದ ಅವಳ ದನಿ ಬಂತು. "ನಾ ನಿನಗ ಮಾಫ ಮಾಡೇನಿ ಅಂತ ತಿಳೀಬ್ಯಾಡ. ಮಾಡ್ತೇನೋ ಇಲ್ಲೋ ನನಗೂ ಗೊತ್ತಿಲ್ಲ. ಅದು ಬ್ಯಾರೆ ಮಾತು. ಮೊದಲ ಅವನ್ನ ಕರಕೊಂಡ ಬಾ."

ಸಿದ್ದಲಿಂಗ ಮನೆಯ ಕಟ್ಟೆಯ ಮೇಲೆ ಕೂತಿದ್ದ. ಸ್ಟೇರಿಂಗು ಮುಟ್ಟದೆ ಈಗ ಬಸ್ಸಿನಲ್ಲೇ ರೋಣಕ್ಕೆ ಹೋಗಿ ಬರುತ್ತಿದ್ದ. ಬಹಳ ಸೊರಗಿದ್ದ. ಶಾಹೀದನನ್ನು ಕಂಡು ಎದ್ದು ನಿಂತ. ಕಪಾಳಕ್ಕೆ ಮತ್ತೊಂದು ಏಟು ಬಂದರೂ ಸರಿಯೆಂಬಂತೆ ಕೈಗಳನ್ನು ಇಳಿಬಿಟ್ಟು ನಿಂತ.

"ನಮ್ಮ ಅಮ್ಮಾರು ಕರದಾರ," ಎಂದ ಶಾಹೀದ. "ಫರ್ಜಾನಾ ದಾರ್ಯಾಗ ಏನೇನ ಮಾತಾಡಿದ್ಲು, ಕೇಳಬೇಕಂತಾರ."

ಸಿದ್ದಲಿಂಗ ಗಾಬರಿಯಿಂದ ಅವನ ಮುಖ ನೋಡಿದ. "ಏನೂ ಮಾತಾಡಲಿಲ್ಲರಿ. ಸುಮ್ಮನ ಕುಂತಿದ್ರು."

"ಬೆಲ್ಟಿನ ಮಾತು ನನಗ ಗೊತ್ತೈತಿ ಸಿದ್ದಲಿಂಗಣ್ಣಾರ. ಶೇಖವ್ವಕ್ಕಾರು ಹೇಳಿದ್ರು."

ಸಿದ್ದಲಿಂಗ ಕಟ್ಟೆಯ ಮೇಲೆ ಕುಸಿದು ಕೂತ. ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ.

"ನಿಮಗ ಗೊತ್ತಾಗಬಾರದಿತ್ತು," ಎಂದ. "ನಾ ಅದನ್ನ ಪೊಲೀಸ್ರಿಗೂ ಹೇಳಲಿಲ್ಲ. ನನ್ನ ಹೇಣ್ತಿಗೂ ಹೇಳಲಿಲ್ಲ. ಶೇಖವ್ವನ ಬಾಯಿಗೆ ಕೀಲಿ ಹಾಕೂದು ನೆನಪಾಗಲಿಲ್ಲ ನೋಡ್ರಿ."

ಶಾಹೀದನಿಗೆ ಬೇವಿನ ಗಿಡದ ಕೆಳಗೆ ಗಲ್ಲ ಮುಟ್ಟಿಕೊಳ್ಳದೆ ನಿಂತವನು ಕಣ್ಣಿಗೆ ಕಟ್ಟಿದ. ಹೋಗಿ ಅವನ ಪಕ್ಕದಲ್ಲಿ ಕೂತ. ಇಬ್ಬರೂ ಒಂದಿಷ್ಟು ಹೊತ್ತು ಓಣಿಯಲ್ಲಿ ಹೋಗುವ ಬರುವವರನ್ನು ನೋಡುತ್ತ ಕೂತಿದ್ದರು. ಆಮೇಲೆ ಶಾಹೀದ ಅವನ ರಟ್ಟೆ ಹಿಡಿದು ಎಬ್ಬಿಸಿದ.

ಜಮಾಲಬಿ ಮೊರವನ್ನು ಗೋಡೆಗೆ ಸರಿಸಿ ಚಾಪೆ ಹಾಸಿದ್ದಳು. ಸಿದ್ದಲಿಂಗ ಬಾಗಿಲಲ್ಲೇ ನಿಂತ.

"ಬಾರಪಾ, ಕುಂದ್ರು," ಎಂದಳು. ಅವನ ಹುಬ್ಬಿನ ಮೇಲಿನ ಗಾಯದ ಗುರುತನ್ನು ನೋಡಿದಳು. ತಾನು ಶಾಪ ಹಾಕಿದ್ದ ಕೈಗಳನ್ನು ನೋಡಿದಳು. "ಶುರುವಿಂದ ಹೇಳು. ಏನೂ ಬಿಡಬ್ಯಾಡ."

ಸಿದ್ದಲಿಂಗ ಹೇಳತೊಡಗಿದ. ಮೊದಮೊದಲು ಠಾಣೆಯಲ್ಲಿ ಹೇಳಿಕೆ ಕೊಟ್ಟ ಹಾಗೆ ತಡವರಿಸಿದ. ಜಮಾಲಬಿ ಅಲ್ಲಲ್ಲಿ ತಡೆದು, ತಾನೇ ಕಂಡಿದ್ದನ್ನೂ ಬಿಡದೆ, ಆಗ ಯಾವ ಸೀರೆ ಉಟ್ಟಿದ್ದಳು, ಮುಖ ಹೇಗಿತ್ತು ಎಂದು ಕೇಳುತ್ತ ಹೋದಂತೆ ಅವನಿಗೂ ಆ ಮುಂಜಾನೆ ತೆರೆದುಕೊಂಡಿತು. ಮನೆಯ ಮುಂದೆ ಹಾರ್ನ್ ಹೊಡೆದಿದ್ದ. ಬಂದೆ ಬಂದೆ ಎಂದು ಒಳಗಿನಿಂದಲೇ ಕೂಗಿದ್ದಳು. ನಾಜಮೀನಳ ರಿಬ್ಬನ್ ಸಿಗದೆ ಮನೆಯೆಲ್ಲ ಹುಡುಕಿದೆ ಎಂದು ಓಡುತ್ತ ಬಂದು ಹತ್ತಿದ್ದಳು. ಹಸಿರು ಸೀರೆ, ಕೈಯಲ್ಲಿ ಬುತ್ತಿಯ ಚೀಲ. ಈಶಪ್ಪ ಸೀನಿದ್ದಕ್ಕೆ ಅವನನ್ನು ಬೈದು ಒಣಶುಂಠಿಯ ತುಂಡು ಕೊಟ್ಟಿದ್ದಳು. ಶೇಖವ್ವನ ಥರ್ಮಾಸಿನ ಚಹಾಕ್ಕೆ ಸಕ್ಕರೆ ಕಡಿಮೆ ಎಂದಿದ್ದಳು. ಬೆಲ್ಟು ಎಳೆದು ಹುಡುಕಿದ್ದಳು, ನಕ್ಕಿದ್ದಳು.

"ಕನ್ನಡ್ಯಾಗ ನೋಡಿ ನಾನೂ ನಕ್ಕೆ," ಎಂದ ಸಿದ್ದಲಿಂಗ.

ಅಷ್ಟರಲ್ಲಿ ಸಾಜೀದ ಬಂದ. ಚಾಪೆಯ ಮೇಲೆ ಕೂತವನನ್ನು ಕಂಡು ಅವನ ಮುಖ ಕೆಂಪಾಯಿತು. ಜಮಾಲಬಿ ಅವನ ಕಡೆ ನೋಡದೆ ಅಂಗೈ ಎತ್ತಿ ತಡೆದಳು. ಅವನು ಹೊಸ್ತಿಲ ಮೇಲೆ ನಿಂತವನು ನಿಂತ ಹಾಗೇ ಕೇಳತೊಡಗಿದ. ಸ್ವಲ್ಪ ಹೊತ್ತಿನ ಮೇಲೆ ಅಲ್ಲಿಯೇ ಕೂತ.

"ಆಮ್ಯಾಲೆ ಗುಡ್ಡದ ಮ್ಯಾಲಿನ ಗಾಳಿ ಕರೆಂಟಿನ ಫ್ಯಾನ ನೋಡಿ, ಇವತ್ತ ಗಾಳಿ ಇಲ್ಲ, ಎಲ್ಲಾ ನಿಂತಾವ ನೋಡ್ರಿ ಅಂದ್ರು. ಹೊಲದಾಗ ಶೇಂಗಾ ಕಿತ್ತಿದ್ರು. ಸಂಜಿಮುಂದ ಬರುವಾಗ ನಿಂದ್ರಸ್ರಿ ಸಿದ್ದಲಿಂಗಣ್ಣಾ, ಹಸಿ ಶೇಂಗಾ ತಗೊಳ್ಳೋಣು, ನಮ್ಮ ಅಮ್ಮಗ ಕುದಿಸಿದ್ದು ಭಾಳ ಸೇರತೈತಿ ಅಂದ್ರು."

"ನನ್ನ ನೆನಸಿದ್ಲಾ?"

"ಹೌದ್ರಿ. ಅಮ್ಮಗ ಅಂದ್ರು. ಆಮ್ಯಾಲೆ ಲಕ್ಕಲಕಟ್ಟಿ ಹಾದಿ ಹೊರಳೂ ಕಡೆ..."

"ಅಲ್ಲಿಗೆ ನಿಲ್ಸಪಾ," ಎಂದಳು ಜಮಾಲಬಿ.

ಸಿದ್ದಲಿಂಗ ನಿಲ್ಲಿಸಿದ. ಜಮಾಲಬಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಚಾಪೆಯ ಮೇಲೆ ಸರಿಯಾಗಿ, ದೂರದ ದಾರಿಗೆ ಹೊರಟವಳ ಹಾಗೆ, ಕಾಲು ಮಡಿಚಿ ಕೂತಳು.

"ಮುಂದಿಂದು ಎಲ್ಲಾರಿಗೂ ಗೊತ್ತೈತಿ. ಮತ್ತ ಮನಿಯಿಂದ ಹೇಳು."

ಸಿದ್ದಲಿಂಗ ಶಾಹೀದನ ಕಡೆ ನೋಡಿದ. ಶಾಹೀದ ತಲೆಯಾಡಿಸಿದ. ಸಿದ್ದಲಿಂಗ ಗಂಟಲು ಸರಿಮಾಡಿಕೊಂಡು, ಕಾರನ್ನು ಮತ್ತೆ ಈ ಮನೆಯ ಮುಂದೆ ತಂದು ನಿಲ್ಲಿಸಿದ. ಹಾರ್ನ್ ಹೊಡ್ದೆ, ಎಂದ. ಫರ್ಜಾನಾ ಇನ್ನೂ ಒಳಗೇ ಇದ್ದಳು, ಮಗಳ ರಿಬ್ಬನ್ ಹುಡುಕುತ್ತ.